ಅಗಸಿ ಹಿಂಡಿ, ಕಡಲಿ ಹುಳಿ, ಅಜವಾನದ ಕಾಳು

ಚಳಿ ಬಲಿತ ಪುಷ್ಯ ಮಾಸದಲ್ಲಿ ಜೇವರ್ಗಿ ಸೀಮೆಯ ಎರೆ ಹೊಲಗಳಲ್ಲಿ ಕಡಲೆ ಹೂ ಬಿಟ್ಟು ಕಾಯಿ ಕಟ್ಟುತ್ತಿರುತ್ತದೆ. ಬೆಳ್ಳಂಬೆಳಗ್ಗೆ ಬರಿಗಾಲಲ್ಲಿ ಆ ಸಾಲುಗಳ ನಡುವೆ ಹಾದುಹೋದರೆ ಕಾಲು ಚುರುಗುಡುತ್ತದೆ. ಎಲೆಯನ್ನು ಸವರಿದ ಬೆರಳನ್ನು ನಾಲಿಗೆಗೆ ಮುಟ್ಟಿಸಿದರೆ ಹುಳಿ, ಅದೂ ಹಲ್ಲು ಚಳಿಯುವ ಹುಳಿ. ಗಿಡದ ಮೈಮೇಲಿನ ಸಣ್ಣ ರೋಮಗಳು ಒಸರುವ ರಸ ಅದು. ಅದರಲ್ಲಿ ಹೆಚ್ಚಿನದು ಮ್ಯಾಲಿಕ್ ಆಮ್ಲ, ಸ್ವಲ್ಪ ಆಕ್ಸಾಲಿಕ್ ಆಮ್ಲ. ಇಬ್ಬನಿ ಬೀಳುವ ರಾತ್ರಿ ತೆಳು ಬಿಳಿ ಬಟ್ಟೆಯನ್ನು ಗಿಡಗಳ ಮೇಲೆ ಹೊದಿಸಿಟ್ಟು, ಬಿಸಿಲೇರುವ ಮುನ್ನ ತೆಗೆದು ಹಿಂಡಿದರೆ ಕಡಲಿ ಹುಳಿ ಸಿಕ್ಕಿತು. ಅದನ್ನು ಗಾಜಿನ ಸೀಸೆಯಲ್ಲಿ ತುಂಬಿಟ್ಟುಕೊಂಡು, ಅಜೀರ್ಣವಾದಾಗ ನೀರಿಗೆ ಕೆಲವು ಹನಿ ಬೆರೆಸಿ ಕುಡಿಯುವುದು ಹಳೆಯ ರೂಢಿ. ಆಯುರ್ವೇದದವರು ಇದನ್ನು ಚಣಕಾಮ್ಲ ಎನ್ನುತ್ತಾರೆ. ಹುಳಿ ತೆಗೆಯುವವರು ಈಗ ತೀರ ಕಡಿಮೆ. ಕಡಲಿ ಪಲ್ಯ ಹರಿದು ತಂದು ಬ್ಯಾಳಿಯ ಜೊತೆ ಕುದಿಸುವವರಿಗೆ ಮಾತ್ರ ಆ ಹುಳಿ ಇನ್ನೂ ತಟ್ಟೆಯಲ್ಲೇ ಸಿಗುತ್ತಿದೆ.

ಆಯುರ್ವೇದ ಎಂದೊಡನೆ ನಮಗೆ ನೆನಪಾಗುವುದು ಬಣ್ಣದ ಚೀಟಿ ಅಂಟಿಸಿದ ಡಬ್ಬಿಗಳು, ಇಲ್ಲವೆ ಕೇರಳದ ಎಣ್ಣೆ ಮಾಲೀಸು. ಜೇವರ್ಗಿ ಸೀಮೆಯ ಇಜೇರಿಯಂಥ ಊರಿನ ಅಡುಗೆಮನೆಗೆ ಇವೆರಡೂ ಪರಕೀಯ. ಭೀಮಾ ಮತ್ತು ಕೃಷ್ಣಾ ನದಿಗಳ ನಡುವಿನ ಈ ನೆಲದಲ್ಲಿ ಔಷಧಿ ಎಂಬುದಕ್ಕೆ ಬೇರೆ ಕಪಾಟೇ ಇರಲಿಲ್ಲ. ಒಗ್ಗರಣೆಗೆ ಏನು ಬೀಳುತ್ತದೆ, ರೊಟ್ಟಿಯ ಮೇಲೆ ಏನು ಕೂಡುತ್ತದೆ, ಉಂಡ ಮೇಲೆ ಬಾಯಿಗೆ ಏನು ಹಾಕಿಕೊಳ್ಳುತ್ತಾರೆ, ಅಷ್ಟರಲ್ಲೇ ಅದರ ವಹಿವಾಟು ಮುಗಿಯುತ್ತಿತ್ತು. ಇದು ಶಾಸ್ತ್ರಕ್ಕೆ ಹೊರತಾದ ರೀತಿಯೇನಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದ 27ನೇ ಅಧ್ಯಾಯ ಪೂರ್ತಿ ಅನ್ನಪಾನದ ವಿಚಾರ. ಎಣ್ಣೆ, ಶುಂಠಿ, ಹಿಂಗು, ಜೀರಿಗೆ, ಮೆಣಸು ಬರುವುದು ಆ ಅಧ್ಯಾಯದ ಕೊನೆಯಲ್ಲಿ, ಊಟಕ್ಕೆ ನೆರವಾಗುವ ಪದಾರ್ಥಗಳೆಂದು.

ಅದೇ ಅಧ್ಯಾಯ ತೊಗರಿಯ ಬಗ್ಗೆ ಹೇಳುವ ಮಾತು ಕಲಬುರಗಿ ಜಿಲ್ಲೆಯವರಿಗೆ ಸ್ವಾರಸ್ಯಕರ. ತೊಗರಿ ಕಫ, ಪಿತ್ತಗಳನ್ನು ತಗ್ಗಿಸುತ್ತದೆ, ಆದರೆ ವಾತ ಮಾಡುತ್ತದೆ ಎನ್ನುತ್ತಾನೆ ಚರಕ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬೇಳೆ ನಮ್ಮದು. ಮೂರು ಹೊತ್ತು ಉಣ್ಣುವುದೂ ಅದನ್ನೇ. ಹಾಗಿದ್ದರೆ ವಾತದ ಗತಿ? ಬ್ಯಾಳಿಗೆ ಬೀಳುವ ಒಗ್ಗರಣೆಯನ್ನು ನೋಡಿ: ಜಜ್ಜಿದ ಬಳ್ಳೊಳ್ಳಿ ಧಾರಾಳ, ಜೀರಿಗೆ, ಸಾಸಿವೆ, ಚಿಟಿಕೆ ಇಂಗು, ಅರಿಷಿಣ. ಬೇಳೆಯಲ್ಲಿರುವ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳನ್ನು ಅರಗಿಸುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿಲ್ಲ; ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅವನ್ನು ಹುಳಿಸಿದಾಗ ಹೊಟ್ಟೆ ಉಬ್ಬರಿಸುತ್ತದೆ. ಇಂದಿನ ಜೀವರಸಾಯನ ಹೇಳುವ ಈ ಕಾರಣ ಗೊತ್ತಿಲ್ಲದೆಯೂ ಒಗ್ಗರಣೆ ಹಾಕುವ ಕೈಗೆ ಇಂಗಿನ ಅಳತೆ ಗೊತ್ತಿತ್ತು. ಇಂಗು ಈ ನೆಲದ್ದಲ್ಲ, ಅಫಘಾನಿಸ್ತಾನ, ಇರಾನ್‌ಗಳಿಂದ ಬರುವಂಥದ್ದು. ಭಾರತದಲ್ಲಿ ಅದರ ಗಿಡ ನೆಟ್ಟು ಬೆಳೆಯುವ ಪ್ರಯತ್ನ ಹಿಮಾಚಲದ ಲಾಹೋಲ್ ಕಣಿವೆಯಲ್ಲಿ ಶುರುವಾದದ್ದೇ 2020ರಲ್ಲಿ. ನಿತ್ಯದ ಬ್ಯಾಳಿಗಾಗಿ ಅಷ್ಟು ದೂರದ ಸರಕನ್ನು ಇಷ್ಟು ಶತಮಾನ ತರಿಸಿಕೊಂಡರೆಂದರೆ ಅದು ಬರೀ ವಾಸನೆಯ ಮೋಹವಾಗಿರಲಾರದು.

ಆದರೆ ಮನೆಗಳು ಗ್ರಂಥದ ಎಲ್ಲ ಮಾತನ್ನೂ ಕೇಳಿದವು ಎಂದಲ್ಲ. ಕುಸುಬಿ ಎಣ್ಣೆಯ ಕಥೆ ಅದಕ್ಕೆ ಸಾಕ್ಷಿ. ಸಸ್ಯಜನ್ಯ ಎಣ್ಣೆಗಳಲ್ಲೆಲ್ಲ ಕುಸುಬಿಯದು ಅತ್ಯಂತ ಅಹಿತ ಎಂದು ಚರಕ ಸೂತ್ರಸ್ಥಾನದ 25ನೇ ಅಧ್ಯಾಯದಲ್ಲಿ ಪಟ್ಟಿ ಮಾಡಿ ಹೇಳಿದ್ದಾನೆ. ಭೀಮಾ ತೀರದ ಗಾಣಗಳು ಅದಕ್ಕೆ ಸೊಪ್ಪು ಹಾಕಲಿಲ್ಲ. ಜೋಳದ ಹೊಲದ ಅಂಚಿಗೆ ಮುಳ್ಳಿನ ಬೇಲಿಯಂತೆ ಕುಸುಬಿ ಬಿತ್ತಿದರೆ ದನ ಒಳಗೆ ಬರುವುದಿಲ್ಲ, ಎಣ್ಣೆಗೂ ಆಯಿತು. ನೆನೆಸಿದ ಕುಸುಬಿಯನ್ನು ರುಬ್ಬಿ ಹಾಲು ತೆಗೆದು ಬೆಲ್ಲ ಹಾಕಿ ಹುಗ್ಗಿಯನ್ನೂ ಮಾಡಿದರು. ಇಪ್ಪತ್ತನೆಯ ಶತಮಾನದಲ್ಲಿ ಹೃದಯದ ವೈದ್ಯರು ಅದರ ಲಿನೋಲಿಕ್ ಆಮ್ಲವನ್ನು ಮೆಚ್ಚಿಕೊಂಡು ಮಾತಾಡಿದಾಗ ನಗರದವರೂ ದುಬಾರಿ ಬೆಲೆಗೆ ಅದನ್ನೇ ಕೊಂಡರು. ಯಾರು ಸರಿ ಎಂಬ ಪಂಚಾಯ್ತಿ ನನಗೆ ಬೇಡ. ದಿನನಿತ್ಯದ ಆಯುರ್ವೇದ ಎಂಬುದು ಶ್ಲೋಕದಿಂದ ಅಡುಗೆಮನೆಗೆ ಇಳಿದು ಬಂದ ಆದೇಶವಲ್ಲ, ಹೊಲದಲ್ಲಿ ಬೆಳೆದದ್ದನ್ನು ಹೊಟ್ಟೆಗೆ ಒಗ್ಗಿಸಿಕೊಂಡ ಅನುಭವ ಎಂಬುದಷ್ಟೇ ನನ್ನ ವಾದ.

ಶಾಸ್ತ್ರ ದೂರದಲ್ಲಿತ್ತು ಎಂದೂ ಅಲ್ಲ. ಇದೇ ಜಿಲ್ಲೆಯ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥ ಬರೆದ ಜೈನ ಮುನಿ ಉಗ್ರಾದಿತ್ಯ, ನೃಪತುಂಗನ ಸಭೆಯಲ್ಲಿ ವೈದ್ಯರೆದುರು ಮಾಂಸಾಹಾರದ ನಿರರ್ಥಕತೆಯನ್ನು ವಾದಿಸಿ ಅದನ್ನೇ ಗ್ರಂಥದ ಕೊನೆಗೆ ಸೇರಿಸಿದ. ಆಮೇಲೆ ಕಲ್ಯಾಣದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಅಡುಗೆಯನ್ನು ವಿವರವಾಗಿ ಬರೆದಿಟ್ಟ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣ ತನ್ನ ಕಸುಬಿನ ಮಾತಿನಲ್ಲೇ ವಚನ ಹೇಳಿದ. ಸೋಮೇಶ್ವರನ ಅಡುಗೆಯಲ್ಲಿ ಹಿಂಗು, ಜೀರಿಗೆ, ಶುಂಠಿ, ಕಾಳುಮೆಣಸು ಎಲ್ಲ ಇವೆ. ಮೆಣಸಿನಕಾಯಿ ಮಾತ್ರ ಇಲ್ಲ. ಇರುವುದಾದರೂ ಹೇಗೆ, ಅದು ಪೋರ್ಚುಗೀಸರ ಹಡಗು ಹತ್ತಿ ಬಂದದ್ದು ಹದಿನಾರನೆಯ ಶತಮಾನದಲ್ಲಿ. ಇಂದು ಕಲಬುರಗಿಯ ಊಟವೆಂದರೆ ಕೆಂಪು ಖಾರವೇ ಎಂದು ಬೆವರು ಒರೆಸಿಕೊಳ್ಳುವವರು ನೆನಪಿಡಬೇಕು, ಇಲ್ಲಿಯ ಹಳೆಯ ಖಾರ ಮೆಣಸಿನದು, ಶುಂಠಿಯದು.

ಈ ಸೀಮೆಯ ಮನೆಮದ್ದಿಗೆ ಮತ್ತೊಂದು ಬೇರೂ ಇದೆ. 1948ರವರೆಗೆ ಆಳಂದ, ಅಫಜಲಪುರ, ಜೇವರ್ಗಿ ನಿಜಾಮರ ರಾಜ್ಯದಲ್ಲಿದ್ದವು. ವೈದ್ಯರ ಜೊತೆಗೆ ಹಕೀಮರು, ಕಿರಾಣಿಯ ಜೊತೆಗೆ ಅತ್ತಾರರ ಅಂಗಡಿ. ಬೇರು, ತೊಗಟೆ, ಬೀಜ, ಸುಗಂಧ ಮಾರುವ ಆ ಕಸುಬು ಇವತ್ತಿಗೂ ಅಡ್ಡಹೆಸರಾಗಿ ಉಳಿದುಕೊಂಡಿದೆ. 1920ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ‘ಝಿಂದಾ ತಿಲಿಸ್ಮಾತ್’ನ ಪುಟ್ಟ ಸೀಸೆ ಈ ಕಡೆಯ ಎಷ್ಟೋ ಮನೆಗಳ ಗೂಡಿನಲ್ಲಿ ಇರುತ್ತದೆ. ನೀಲಗಿರಿ ಎಣ್ಣೆ, ಕರ್ಪೂರ, ಪುದೀನದ ಸತ್ವದ ಜೊತೆಗೆ ಅದರಲ್ಲಿರುವುದು ಥೈಮಾಲ್, ಅಂದರೆ ಅಜವಾನಕ್ಕೆ ಆ ಘಾಟು ಕೊಡುವ ಸತ್ವವೇ. ಹೀಗಾಗಿ ಹಕೀಮರ ಸೀಸೆಗೂ ಆಯಿಯ ಡಬ್ಬಿಗೂ ನಂಟಿದೆ. “ಹೊಟ್ಟಿ ಕಡೀಲಕತ್ತದ” ಎಂದ ಮೊಮ್ಮಗನಿಗೆ “ಅಜವಾನಕ್ಕ ಉಪ್ಪು ಹಚ್ಚಿ ಅಗಿ, ಮ್ಯಾಲ ಬಿಸಿನೀರು ಕುಡಿ” ಎನ್ನುವುದು ಇಲ್ಲಿ ಪ್ರತಿ ಮನೆಯ ಮೊದಲ ಚಿಕಿತ್ಸೆ. ಎರಡು ದಿನ ಕಳೆದರೂ ನೋವು ನಿಲ್ಲದಿದ್ದರೆ, ಜ್ವರ ವಾಂತಿ ಜೊತೆಗೂಡಿದರೆ, ಮುಂದಿನದು ದವಾಖಾನೆಯ ಕೆಲಸ.

ಬಾಣಂತಿಯ ಕೋಣೆಯಲ್ಲಿ ಈ ವಿದ್ಯೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಅಳವಿ ಬೀಜದ ಪಾಯಸ ಅಥವಾ ಉಂಡಿ, ತುಪ್ಪದಲ್ಲಿ ಹುರಿದು ಅರಳಿಸಿದ ಅಂಟಿಗೆ ಕೊಬ್ಬರಿ, ಖಾರಿಕ, ಬೆಲ್ಲ ಸೇರಿಸಿ ಕಟ್ಟಿದ ಅಂಟಿನ ಉಂಡಿ, ಸಬ್ಬಸಗಿ ಪಲ್ಯ, ಅಜವಾನ ಹಾಕಿ ಕುದಿಸಿದ ನೀರು, ಉಂಡ ಮೇಲೆ ಎಲೆ ಅಡಿಕೆಯ ಜೊತೆ ಹುರಿದ ಬಡೇಸೋಪು, ಎಳ್ಳು. ಕಬ್ಬಿಣಾಂಶಕ್ಕೆ ಅಳವಿ, ಶಕ್ತಿಗೆ ಕೊಬ್ಬರಿ ತುಪ್ಪ, ಅರಗಲಿಕ್ಕೆ ಅಜವಾನ, ಒಂದಕ್ಕೊಂದು ಆಸರೆ. ಕೂಸಿಗೆ ಗುಟ್ಟಿ. ಬಜೆ, ಅಳಲೆಕಾಯಿ, ಜಾಯಿಕಾಯಿ, ಮಾಚಿಕಾಯಿ, ಅರಿಷಿಣ ಕೊಂಬು, ಒಣಶುಂಠಿಗಳನ್ನು ತೇಯುವ ಕಲ್ಲಿನ ಮೇಲೆ ತಾಯಿಯ ಹಾಲಿನಲ್ಲಿ ಒಂದೋ ಎರಡೋ ಸುತ್ತು ತೇಯ್ದು ನೆಕ್ಕಿಸುವುದು. ಸುತ್ತಿನ ಲೆಕ್ಕದಲ್ಲೇ ಅದರ ಎಚ್ಚರವೆಲ್ಲ ಅಡಗಿತ್ತು. ಜಾಯಿಕಾಯಿ ಒಂದು ಸುತ್ತು ಹೆಚ್ಚಾದರೆ ಕೂಸು ಮಂಕಾಗುತ್ತದೆ ಎಂದು ಹಿರಿಯ ಹೆಂಗಸರಿಗೆ ಗೊತ್ತಿತ್ತು. ಇಲ್ಲಿ ಮಾತ್ರ ನಾನು ರೂಢಿಯ ಪಕ್ಷ ವಹಿಸಲಾರೆ. ಬಜೆಯಲ್ಲಿರುವ ಬೀಟಾ ಅಸರೋನ್ ಎಂಬ ಅಂಶದ ಕಾರಣಕ್ಕೆ ಅಮೆರಿಕ 1968ರಲ್ಲೇ ಅದನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ಆರು ತಿಂಗಳವರೆಗೆ ಕೂಸಿಗೆ ಎದೆಹಾಲು ಬಿಟ್ಟು ಏನೂ ಬೇಡವೆಂಬುದು ಇಂದಿನ ಮಕ್ಕಳ ವೈದ್ಯರ ಒಮ್ಮತ. ಗುಟ್ಟಿಯ ಕಲ್ಲು ಮನೆಯಲ್ಲಿರಲಿ, ಅದನ್ನು ಕೂಸಿನ ಬಾಯಿಗೆ ತರುವ ಮುನ್ನ ಮಕ್ಕಳ ವೈದ್ಯರನ್ನು ಕೇಳಿ. ಆಯುರ್ವೇದದವರ ಅಭಿಪ್ರಾಯವೂ ಬೇಕೆನಿಸಿದರೆ ಕಲಬುರಗಿಯಲ್ಲಿ ಹಿಂಗುಲಾಂಬಿಕಾ ಆಯುರ್ವೇದ ಕಾಲೇಜಿದೆ.

ಬೇಸಿಗೆಯ ಮದ್ದು ತಂಪಿನದು. ಮೇ ತಿಂಗಳಲ್ಲಿ ಬಿಸಿಲು 44, 45 ಡಿಗ್ರಿಗೆ ಏರುವ ಊರುಗಳಿವು. ಜೀರಿಗೆ, ಕೊತ್ತಂಬರಿ ಹಾಕಿದ ನೀರು ಮಜ್ಜಗಿ, ಜೋಳದ ಅಂಬಲಿ, ನೆನೆಸಿದ ಕಾಮಕಸ್ತೂರಿ ಬೀಜದ ಶರಬತ್ತು. ಆ ಬೇಸಿಗೆಗೆ ಮುನ್ನುಡಿ ಯುಗಾದಿಯ ಬೇವು. ಮೈಸೂರಿನ ಕಡೆ ಬೇವು ಬೆಲ್ಲವೆಂದರೆ ಅಂಗೈಯಲ್ಲಿ ಚಿಟಿಕೆ. ಇಲ್ಲಿ ಅದು ಗಡಿಗೆ ತುಂಬ ಕಲಸುವ ಪಾನಕ. ಬೇವಿನ ಹೂ, ಹುಣಸೆ ನೀರು, ಬೆಲ್ಲ, ಮಾವಿನಕಾಯಿ ತುರಿ, ಪುಟಾಣಿ ಹಿಟ್ಟು, ಕೊಬ್ಬರಿ, ಹಣ್ಣು. ಅಕ್ಕಪಕ್ಕದವರಿಗೆ ಹಂಚಿ, ಮಧ್ಯಾಹ್ನದವರೆಗೂ ಲೋಟ ಲೋಟ ಕುಡಿಯುತ್ತಾರೆ. ಕಹಿಯನ್ನು ಇಷ್ಟು ಸಂಭ್ರಮದಿಂದ ಕುಡಿಸುವ ಜಾಣತನ ಯಾವ ಔಷಧ ಕಂಪನಿಗೂ ಬಂದಿಲ್ಲ.

ಕಂಪನಿಗಳ ಮಾತು ಬಂದಿತೆಂದು ಅರಿಷಿಣದ ವಿಷಯಕ್ಕೆ ಬರುತ್ತೇನೆ. ಗಾಯಕ್ಕೆ ಅರಿಷಿಣ ಹಚ್ಚುವುದು ಹೊಸ ಶೋಧವೆಂದು 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟದ್ದು, ಭಾರತದ ವೈಜ್ಞಾನಿಕ ಸಂಶೋಧನಾ ಮಂಡಳಿ ಹಳೆಯ ದಾಖಲೆಗಳನ್ನು ಮುಂದಿಟ್ಟ ಮೇಲೆ 1997ರಲ್ಲಿ ಅದು ರದ್ದಾದದ್ದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಸಂಗತಿಯೊಂದು ಬೆಂಗಳೂರಿನದು. ಅಲ್ಲಿಯ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಯೋಗವದು. ಎರಡು ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಸತ್ವವಾದ ಪೈಪರೀನ್ ಬರೀ 20 ಮಿಲಿಗ್ರಾಂ ಕೊಟ್ಟಾಗ ಮೈಗೆ ಸೇರುವ ಕರ್ಕ್ಯುಮಿನ್ ಸುಮಾರು ಇಪ್ಪತ್ತು ಪಟ್ಟಾಯಿತು. ಅರಿಷಿಣದ ಹಾಲಿಗೆ ಮೆಣಸು ಕುಟ್ಟಿ ಹಾಕುವವರು ಇದನ್ನು ಓದಿ ಹಿಗ್ಗಬಹುದು. ಆದರೆ ಅದೇ ಜೋಡಿಯನ್ನು ಗುಳಿಗೆಯಲ್ಲಿ ಒತ್ತಿ ತುಂಬಿ ತಿಂಗಳುಗಟ್ಟಲೆ ನುಂಗಿದವರಲ್ಲಿ ಕೆಲವರ ಯಕೃತ್ತು ಕೆಟ್ಟ ಪ್ರಕರಣಗಳನ್ನು ಇಟಲಿ, ಅಮೆರಿಕದ ವೈದ್ಯರು ದಾಖಲಿಸಿದ್ದಾರೆ. ನಮ್ಮಲ್ಲೂ 2020ರಲ್ಲಿ ಆಯುಷ್ ಸಚಿವಾಲಯ ತುಳಸಿ ನಾಲ್ಕು ಪಾಲು, ದಾಲ್ಚಿನ್ನಿ ಎರಡು, ಶುಂಠಿ ಎರಡು, ಮೆಣಸು ಒಂದು ಪಾಲು ಎಂದು ಕಷಾಯದ ಅಳತೆ ಹೇಳಿದ್ದರೂ, ಎಷ್ಟೋ ಮನೆಗಳಲ್ಲಿ ಅಳತೆ ಬಿಟ್ಟು ಹಂಡೆಗಟ್ಟಲೆ ಕುಡಿದು ಎದೆಯುರಿ ತಂದುಕೊಂಡರು. ಅಡುಗೆಗೆ ಬೀಳುವ ಚಿಟಿಕೆಗೆ ಈ ಭಯವಿಲ್ಲ. ಭಯವಿರುವುದು ಕಲಬೆರಕೆಯದು, ಹಳದಿ ಹೊಳಪಿಗಾಗಿ ಅರಿಷಿಣಕ್ಕೆ ಸೀಸದ ಕ್ರೋಮೇಟ್ ಹಾಕುತ್ತಿದ್ದುದನ್ನು 2019ರಲ್ಲಿ ಬಾಂಗ್ಲಾದೇಶದಲ್ಲಿ ಸಂಶೋಧಕರು ಬಯಲಿಗೆ ತಂದರು. ಸಂತೆಯಲ್ಲಿ ಕೊಂಬು ಕೊಂಡು ತೊಳೆದು ಒಣಗಿಸಿ ಗಿರಣಿಗೆ ಒಯ್ಯುವ ರೂಢಿ ಇನ್ನೂ ಇರುವ ಊರಿನವರು ಅದನ್ನು ಬಿಡದಿರುವುದು ಒಳ್ಳೆಯದು.

ಇಷ್ಟೆಲ್ಲ ಓದಿದವರು ಏನಾದರೂ ಒಂದನ್ನು ಮನೆಯಲ್ಲಿ ಶುರು ಮಾಡುವುದಿದ್ದರೆ ಅಗಸಿ ಹಿಂಡಿಯಿಂದ ಶುರು ಮಾಡಲಿ. ಜೋಳದ ರೊಟ್ಟಿ ರೂಕ್ಷ, ಅದಕ್ಕೆ ಜಿಡ್ಡು ಬೇಕು. ಆ ಜಿಡ್ಡನ್ನು ಈ ಸೀಮೆ ಹಿಂಡಿಗಳ ರೂಪದಲ್ಲಿ ಕೂಡಿಟ್ಟಿದೆ. ಶೇಂಗಾ, ಗುರೆಳ್ಳು, ಕುಸುಬಿ, ಅಗಸಿ ಎಲ್ಲದಕ್ಕೂ ಹಿಂಡಿ ಉಂಟು. ತೊಗರಿ, ಹತ್ತಿ ಹಬ್ಬಿದ ಮೇಲೆ ಅಗಸಿಯ ಸಾಲುಗಳು ಹೊಲದಲ್ಲಿ ಅಪರೂಪವಾಗಿವೆ, ಅಂಗಡಿಯಲ್ಲಿ ಧಾರಾಳ ಸಿಗುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಚಟಪಟ ಸದ್ದು ನಿಲ್ಲುವವರೆಗೆ ಹುರಿಯಿರಿ. ಆರಿದ ಮೇಲೆ ಒಣ ಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆ, ಚೂರು ಹುಣಸೆ, ಉಪ್ಪು ಸೇರಿಸಿ ತರಿತರಿಯಾಗಿ ಕುಟ್ಟಿ. ಇಡೀ ಅಗಸಿ ನುಂಗಿದರೆ ಅದು ಅರಗದೆ ಹಾಗೆಯೇ ಹೊರಗೆ ಹೋಗುತ್ತದೆ, ಕುಟ್ಟಲೇಬೇಕು. ಕುಟ್ಟಿದ ಮೇಲೆ ಬಹಳ ದಿನ ಇಡಲೂ ಬಾರದು, ಏಕೆಂದರೆ ಅದರ ಎಣ್ಣೆಯಲ್ಲಿ ಅರ್ಧದಷ್ಟು ಇರುವ ಒಮೆಗಾ 3 ಬಗೆಯ ಕೊಬ್ಬು ಗಾಳಿ ತಾಕಿದರೆ ಬೇಗ ಮುಗ್ಗಲು ಹಿಡಿಯುತ್ತದೆ. ವಾರ, ಹೆಚ್ಚೆಂದರೆ ಹದಿನೈದು ದಿನಕ್ಕೆ ಸಾಕಾಗುವಷ್ಟು ಮಾಡಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬಿಸಿ ರೊಟ್ಟಿಯ ಮೇಲೆ ಒಂದು ಚಮಚ ಹಿಂಡಿ, ನಡುವೆ ಕುಳಿ ಮಾಡಿ ಕುಸುಬಿ ಎಣ್ಣೆ. ಎಣ್ಣೆ ಬೇಡವೆನ್ನುವವರಿಗೆ ಗಟ್ಟಿ ಮೊಸರು.