ನ್ಯೂ ಹೇವನ್‌ನ ಅತಿಶೀತಲ ಪ್ರಯೋಗಶಾಲೆ

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಕಡಲತಡಿಯ ನಗರ ನ್ಯೂ ಹೇವನ್‌ನಲ್ಲಿ, ಯೇಲ್ ವಿಶ್ವವಿದ್ಯಾಲಯಕ್ಕೆ ಸೇರಿದ ಬೆಕ್ಟನ್ ಕೇಂದ್ರವೆಂಬ ಕಾಂಕ್ರೀಟ್ ಕಟ್ಟಡವಿದೆ. ವಾಸ್ತುಶಿಲ್ಪಿ ಮಾರ್ಸೆಲ್ ಬ್ರಾಯರ್ ರೂಪಿಸಿದ ಈ ಕಟ್ಟಡದಲ್ಲಿ ಸಿದ್ಧಾಂತಿಗಳೂ ಪ್ರಯೋಗನಿರತರೂ ಜೊತೆಯಾಗಿ ದುಡಿದ ಫಲವಾಗಿ, ಅತಿವಾಹಕ ವಿದ್ಯುನ್ಮಂಡಲಗಳಿಂದ ಕ್ವಾಂಟಮ್ ಗಣಕವನ್ನು ಕಟ್ಟುವ ವಿದ್ಯೆಗೆ ಗಟ್ಟಿಯಾದ ತಳಹದಿ ದೊರೆಯಿತು.

ಇಲ್ಲಿನ ಮುಖ್ಯ ಸಾಧನವೆಂದರೆ ಹೀಲಿಯಂನ ಎರಡು ಐಸೊಟೋಪುಗಳ ಮಿಶ್ರಣದಿಂದ ನಡೆಯುವ ಶೈತ್ಯಯಂತ್ರ. ಒಂದರ ಕೆಳಗೊಂದು ತೂಗುವ ಅದರ ಲೋಹದ ತಟ್ಟೆಗಳು ಕೆಳಕೆಳಗೆ ಹೋದಂತೆ ಹೆಚ್ಚು ತಣ್ಣಗಾಗಿ, ಕೊನೆಯದರ ತಾಪ ಸುಮಾರು 0.02 ಕೆಲ್ವಿನ್‌ಗೆ, ಎಂದರೆ ವಿಶ್ವದ ಹಿನ್ನೆಲೆ ವಿಕಿರಣದ 2.7 ಕೆಲ್ವಿನ್‌ನ ನೂರರಲ್ಲೊಂದು ಭಾಗಕ್ಕಿಂತಲೂ ಕೆಳಕ್ಕೆ, ಇಳಿಯುತ್ತದೆ. ಅಲ್ಯೂಮಿನಿಯಂ ತನ್ನ ವಿದ್ಯುತ್ ರೋಧವನ್ನು ಪೂರ್ತಿಯಾಗಿ ಕಳೆದುಕೊಂಡು ಅತಿವಾಹಕವಾಗಲು 1.2 ಕೆಲ್ವಿನ್ ಸಾಕಾದರೂ, ಶಾಖದ ಅಲ್ಪ ಕದಲಿಕೆಯೂ ಮಂಡಲದ ಸ್ಥಿತಿಯನ್ನು ಕೆಡಿಸಬಲ್ಲದಾದ್ದರಿಂದ ಇಷ್ಟೊಂದು ಶೈತ್ಯ ಅಗತ್ಯವಾಗುತ್ತದೆ. ಎರಡು ಅಲ್ಯೂಮಿನಿಯಂ ಪದರಗಳ ನಡುವೆ ಸುಮಾರು 1 ನ್ಯಾನೋಮೀಟರ್ ದಪ್ಪದ ಆಕ್ಸೈಡನ್ನಿರಿಸಿದ ರಚನೆಗೆ ಜೋಸೆಫ್‌ಸನ್ ಸಂಧಿ ಎಂದು ಹೆಸರು. ಮಂಡಲದ ಶಕ್ತಿಮಟ್ಟಗಳು ಒಂದೇ ಅಂತರದಲ್ಲಿರದಂತೆ ಈ ಸಂಧಿ ಮಾಡುವುದರಿಂದ, ಅತ್ಯಂತ ಕೆಳಗಿನ ಎರಡು ಮಟ್ಟಗಳನ್ನು ಸೊನ್ನೆ ಮತ್ತು ಒಂದು ಎಂದು ಆಯ್ದು, ಕ್ವಾಂಟಮ್ ಮಾಹಿತಿಯ ಮೂಲಘಟಕವಾದ ಕ್ಯೂಬಿಟ್ಟಾಗಿ ಬಳಸಬಹುದು.

ಇಂಥ ಕ್ಯೂಬಿಟ್ಟನ್ನು ಕೆಡಿಸದೆ ಓದುವುದು ಹೇಗೆಂಬ ಪ್ರಶ್ನೆಗೆ ರಾಬರ್ಟ್ ಶೋಲ್ಕಾಫ್, ಸ್ಟೀವನ್ ಗರ್ವಿನ್ ಮತ್ತು ಸಂಗಡಿಗರು 2004ರಲ್ಲಿ ಉತ್ತರ ನೀಡಿದರು: ಕ್ಯೂಬಿಟ್ಟನ್ನು ಮೈಕ್ರೋವೇವ್ ಅನುರಣಕದೊಡನೆ ಬೆಸೆದರೆ, ಅನುರಣಕದ ಆವರ್ತನ ಎತ್ತ ಸರಿಯಿತೆಂಬುದರಿಂದಲೇ ಕ್ಯೂಬಿಟ್ಟಿನ ಸ್ಥಿತಿ ತಿಳಿಯುತ್ತದೆ. ಸಂಧಿಗೆ ದೊಡ್ಡ ಕೆಪಾಸಿಟರನ್ನು ಜೋಡಿಸಿ ವಿದ್ಯುದಾವೇಶದ ಏರಿಳಿತಗಳ ಉಪದ್ರವವನ್ನು ತಗ್ಗಿಸಿದ ಟ್ರಾನ್ಸ್‌ಮಾನ್ ಎಂಬ ವಿನ್ಯಾಸ 2007ರಲ್ಲಿ ಪ್ರಕಟವಾಗಿ, ಇಂದು ಜಗತ್ತಿನ ಅನೇಕ ಪ್ರಯೋಗಾಲಯಗಳ ಆಯ್ಕೆಯಾಗಿದೆ; 2009ರಲ್ಲಿ ಎರಡು ಕ್ಯೂಬಿಟ್‌ಗಳ ಸಂಸ್ಕಾರಕವು ಸರಳ ಕ್ವಾಂಟಮ್ ಕ್ರಮವಿಧಿಗಳನ್ನು ನಡೆಸಿ ತೋರಿಸಿತು. 1980ರ ದಶಕದ ಬರ್ಕ್ಲಿಯ ಪ್ರಯೋಗಗಳಿಗಾಗಿ 2025ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಮಿಶೆಲ್ ದೆವೊರೆ ಅವರ ಯೇಲ್ ತಂಡವು, ತಪ್ಪುಗಳನ್ನು ಸತತವಾಗಿ ತಿದ್ದುತ್ತ ಹೋದರೆ ಕ್ವಾಂಟಮ್ ಮಾಹಿತಿ ತಿದ್ದದಿರುವಾಗಿನದಕ್ಕಿಂತ ಹೆಚ್ಚು ಕಾಲ ಉಳಿಯಬಲ್ಲದೆಂದು 2023ರಲ್ಲಿ ಸಾಧಿಸಿತು.

ಈ ಪರಂಪರೆಯ ಕವಲೊಂದು ಭಾರತದಲ್ಲೂ ಚಿಗುರಿದೆ. ಯೇಲ್‌ನಲ್ಲಿ ಡಾಕ್ಟರೇಟ್ ಪಡೆದ ಆರ್. ವಿಜಯರಾಘವನ್ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಇಂಥದೇ ಪ್ರಯೋಗಾಲಯವನ್ನು ಕಟ್ಟಿ ಬೆಳೆಸಿದ್ದು, ರಕ್ಷಣಾ ಸಂಶೋಧನಾ ಸಂಸ್ಥೆಯ ಸಹಯೋಗದಲ್ಲಿ ತಯಾರಾದ 6 ಕ್ಯೂಬಿಟ್‌ಗಳ ಸಂಸ್ಕಾರಕದ ಪರೀಕ್ಷೆ 2024ರಲ್ಲಿ ಪೂರ್ಣಗೊಂಡಿತು. ಯಂತ್ರಗಳನ್ನು ಹಣ ಕೊಟ್ಟು ತರಿಸಬಹುದಾದರೂ, ಗಣಿತ ಬಲ್ಲವರನ್ನೂ ಉಪಕರಣ ಕಟ್ಟಬಲ್ಲವರನ್ನೂ ದಶಕಗಳ ಕಾಲ ಒಂದೆಡೆ ಉಳಿಸಿಕೊಂಡು ಪೊರೆಯುವ ಸಂಸ್ಥೆಗಳಲ್ಲಿ ಮಾತ್ರ ಇಂಥ ವಿದ್ಯೆ ಬೇರೂರುತ್ತದೆ ಎಂಬುದೇ ಯೇಲ್ ಕಲಿಸುವ ಪಾಠ.