ಹಳೆಯ ವಾಹನಗಳಲ್ಲಿ ನೀರಿನ ಸೋರಿಕೆ ಮತ್ತು ಕಿಲುಬು ಹಿಡಿದ ವೈರಿಂಗ್: ತಪಾಸಣೆಗೆ ಮುನ್ನ ವಾಹನ ಮಾಲೀಕರು ತಿಳಿದಿರಬೇಕಾದ ವಿಷಯಗಳು

ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಭಾಗಗಳಲ್ಲಿ ಹದಿನೈದು ವರ್ಷ ಮೀರಿದ ಕಾರು, ಜೀಪು ಹಾಗೂ ಸರಕು ವಾಹನಗಳು ಇಂದಿಗೂ ಬಳಕೆಯಲ್ಲಿವೆ. ಇಂತಹ ವಾಹನಗಳ ದೀಪ, ಹಾರ್ನ್ ಮತ್ತು ವೈಪರ್ ದೋಷಗಳಿಗೆ ಅನೇಕ ವೇಳೆ ಒಳಸೇರಿದ ನೀರೇ ಮೂಲ ಕಾರಣವಾಗಿರುತ್ತದೆ. ಅರ್ಜಿ ಸಲ್ಲಿಸುವ ಮುನ್ನ ಈ ದೋಷಗಳನ್ನು ಪತ್ತೆ ಹಚ್ಚುವ ಕ್ರಮವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

1. ಕಾನೂನಿನ ಅಗತ್ಯ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 41ರ ಪ್ರಕಾರ ಸಾರಿಗೆಯೇತರ ವಾಹನದ ನೋಂದಣಿಯು 15 ವರ್ಷಗಳವರೆಗೆ ಸಿಂಧುವಾಗಿದ್ದು, ನಂತರ 5 ವರ್ಷಗಳ ಅವಧಿಗೆ ನವೀಕರಿಸಬಹುದಾಗಿರುತ್ತದೆ. ಇದಕ್ಕಾಗಿ ನಮೂನೆ 25ರಲ್ಲಿ, ಅವಧಿ ಮುಗಿಯುವುದಕ್ಕೆ ಮುಂಚಿನ 60 ದಿನಗಳ ಒಳಗೆ ಅರ್ಜಿ ಸಲ್ಲಿಸತಕ್ಕದ್ದು. ಸಾರಿಗೆ ವಾಹನಗಳಿಗೆ ಪ್ರಕರಣ 56ರ ಮೇರೆಗೆ ಅರ್ಹತಾ ಪತ್ರ (ಎಫ್.ಸಿ.) ಕಡ್ಡಾಯ. ಅದಿಲ್ಲದಿದ್ದಲ್ಲಿ ವಾಹನದ ನೋಂದಣಿಯೇ ಸಿಂಧುವೆಂದು ಪರಿಗಣಿತವಾಗುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 62ರಡಿ ಪರೀಕ್ಷಿಸುವ ಅಂಶಗಳಲ್ಲಿ ಹೆಡ್‌ಲೈಟ್, ಇತರೆ ದೀಪಗಳು, ಹಾರ್ನ್ ಮತ್ತು ವೈಪರ್ ಸೇರಿವೆ. ಇವೆಲ್ಲವೂ ವೈರಿಂಗ್‌ನ ಸುಸ್ಥಿತಿಯನ್ನು ಅವಲಂಬಿಸಿವೆ.

2. ನೀರು ಒಳಬರುವ ಮಾರ್ಗಗಳು

ಜಿಲ್ಲೆಯಲ್ಲಿ ಬೇಸಿಗೆಯ ಧೂಳಿನ ತಿಂಗಳುಗಳ ನಂತರ ಮೇ ತಿಂಗಳಿನ ಗುಡುಗು ಮಳೆ, ಮುಂದೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಹೆಚ್ಚಿನ ಮಳೆ ಬರುತ್ತದೆ. ಮರದಡಿ ನಿಲ್ಲಿಸಿದ ವಾಹನದಲ್ಲಿ ಧೂಳು ಮತ್ತು ತರಗೆಲೆ ಸೇರಿ, ವೈಪರ್ ಕೆಳಗಿನ ಹಾಗೂ ಬಾಗಿಲುಗಳ ತಳದ ನೀರು ಹೋಗುವ ರಂಧ್ರಗಳು ಮುಚ್ಚಿಹೋಗುತ್ತವೆ. ಆಗ ಹೊರಹೋಗಬೇಕಾದ ನೀರು ಒಳಗೆ ಇಳಿಯುತ್ತದೆ. ಇದರ ಹೊರತಾಗಿ ಮುಂದಿನ ಗಾಜಿನ ಸುತ್ತಲಿನ ಗಟ್ಟಿಯಾದ ರಬ್ಬರ್ ಬೀಡಿಂಗ್, ಹಿಂದಿನ ದೀಪಗಳ ಸುತ್ತಲಿನ ರಬ್ಬರ್, ಚಾವಣಿಯ ಕ್ಯಾರಿಯರ್ ಬೋಲ್ಟುಗಳು ಮತ್ತು ತುಕ್ಕು ಹಿಡಿದ ತಳದ ತಗಡನ್ನು ಪರಿಶೀಲಿಸತಕ್ಕದ್ದು.

ಒಳಗಿನ ನೀರೆಲ್ಲವೂ ಮಳೆಯದೇ ಆಗಿರುವುದಿಲ್ಲ. ಎ.ಸಿ. ಬಳಸಿದ ದಿನ ಮಾತ್ರ ಮುಂಭಾಗದ ನೆಲಹಾಸು ಒದ್ದೆಯಾದಲ್ಲಿ ಎ.ಸಿ.ಯ ನೀರಿನ ಕೊಳವೆ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಬಣ್ಣವಿದ್ದು, ಕೈಗೆ ಜಿಗುಟಾಗಿ, ಸಿಹಿ ವಾಸನೆ ಬಂದಲ್ಲಿ ಅದು ಹೀಟರ್ ಭಾಗದಿಂದ ಸೋರುವ ಕೂಲೆಂಟ್ ಆಗಿರುತ್ತದೆ. ಅದು ವಿಷಕಾರಿ, ಮಕ್ಕಳು ಮತ್ತು ಸಾಕುಪ್ರಾಣಿಗಳಿಂದ ದೂರವಿಡತಕ್ಕದ್ದು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳವನ್ನು ತೆರೆಯಬಾರದು.

3. ನೀರು ಹಾಯಿಸಿ ಪರೀಕ್ಷಿಸುವ ಕ್ರಮ

• ನೆಲಹಾಸನ್ನು ತೆಗೆದು, ತಳವನ್ನು ಒರೆಸಿ, ಒಣಗಿದ ಹಳೆಯ ದಿನಪತ್ರಿಕೆಗಳನ್ನು ಹಾಸುವುದು.
• ಒಬ್ಬರು ಟಾರ್ಚ್‌ನೊಂದಿಗೆ ಒಳಗೆ ಕುಳಿತು, ಮತ್ತೊಬ್ಬರು ಹೊರಗಿನಿಂದ ಪೈಪಿನಲ್ಲಿ ನಿಧಾನವಾಗಿ ನೀರು ಬಿಡುವುದು. ರಭಸದ ನೀರು ಸುಸ್ಥಿತಿಯಲ್ಲಿರುವ ರಬ್ಬರನ್ನೂ ದಾಟುವುದರಿಂದ ತಪ್ಪು ನಿರ್ಣಯಕ್ಕೆ ಎಡೆಯಾಗುತ್ತದೆ.
• ಕೆಳಗಿನಿಂದ ಆರಂಭಿಸಿ ಮೇಲಕ್ಕೆ, ಪ್ರತಿ ಭಾಗಕ್ಕೆ ಕೆಲವು ನಿಮಿಷ ನೀರು ಹಾಯಿಸುವುದು. ಮೊದಲೇ ಚಾವಣಿಗೆ ನೀರು ಹಾಕಿದಲ್ಲಿ ಎಲ್ಲ ಸಂದುಗಳೂ ಏಕಕಾಲಕ್ಕೆ ಒದ್ದೆಯಾಗಿ, ಸೋರುವ ಸ್ಥಳ ತಿಳಿಯುವುದಿಲ್ಲ.
• ನೀರು ತಂತಿಯ ಗುಂಟ ಹರಿದು ದೂರದಲ್ಲಿ ತೊಟ್ಟಿಕ್ಕುವುದುಂಟು. ಆದುದರಿಂದ ಒದ್ದೆಯಾದ ಜಾಗದಿಂದ ಮೇಲ್ಮುಖವಾಗಿ ಜಾಡು ಹಿಡಿಯತಕ್ಕದ್ದು.

4. ವೈರಿಂಗ್ ದೋಷದ ಲಕ್ಷಣಗಳು

ತಾಮ್ರದ ತಂತಿ ಮತ್ತು ಕನೆಕ್ಟರುಗಳ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಂಡುಬಂದಲ್ಲಿ ಕಿಲುಬು ಹಿಡಿದಿದೆಯೆಂದು ತಿಳಿಯಬೇಕು. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂದವಾಗುವುದು ಅಥವಾ ಬೇರೆ ದೀಪ ಹೊತ್ತಿಕೊಳ್ಳುವುದು ಸಾಮಾನ್ಯವಾಗಿ ಆ ಭಾಗದ ಅರ್ತ್ ಸಂಪರ್ಕ ಕೆಟ್ಟಿರುವುದರ ಸೂಚನೆ.

ಮಲ್ಟಿಮೀಟರ್ ಬಳಸುವಾಗ ಒಂದು ಅಂಶವನ್ನು ಗಮನಿಸಬೇಕು. ಒಂದೆರಡು ಎಳೆ ಮಾತ್ರ ಉಳಿದ ತಂತಿಯೂ ದೀಪ ಆರಿಸಿರುವಾಗ 12 ವೋಲ್ಟ್ ತೋರಿಸಬಲ್ಲದು. ದೀಪ ಹಚ್ಚಿದಾಗ ಮಾತ್ರ ಅದರ ದೌರ್ಬಲ್ಯ ಬಯಲಾಗುತ್ತದೆ. ಆದುದರಿಂದ ದೀಪ ಉರಿಯುತ್ತಿರುವಾಗಲೇ ಬ್ಯಾಟರಿಯ ಋಣ ತುದಿ ಹಾಗೂ ದೀಪದ ಅರ್ತ್ ನಡುವೆ ಅಳೆಯತಕ್ಕದ್ದು. ಈ ಅಳತೆ ಸೊನ್ನೆಗೆ ಸಮೀಪವಿರಬೇಕು. ಅರ್ಧ ವೋಲ್ಟ್ ಅಥವಾ ಹೆಚ್ಚು ಬಂದಲ್ಲಿ ಅರ್ತ್ ಬೋಲ್ಟನ್ನು ಬಿಚ್ಚಿ, ತುಕ್ಕು ಮತ್ತು ಬಣ್ಣವನ್ನು ಉಜ್ಜಿ ತೆಗೆದು, ಮತ್ತೆ ಬಿಗಿಗೊಳಿಸತಕ್ಕದ್ದು. 12 ವೋಲ್ಟ್ ವಾಹನದಲ್ಲಿ ಪೂರ್ಣ ಚಾರ್ಜ್ ಆದ ಬ್ಯಾಟರಿಯು ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ.

5. ದುರಸ್ತಿಯಲ್ಲಿ ಎಚ್ಚರಿಕೆ

ಮೊದಲು ಸೋರಿಕೆಯನ್ನು ನಿಲ್ಲಿಸಿ, ವಾಹನವನ್ನು ಒಣಗಿಸಿ, ಆನಂತರವೇ ವೈರಿಂಗ್ ಸರಿಪಡಿಸತಕ್ಕದ್ದು. ಈ ಕ್ರಮ ತಪ್ಪಿದಲ್ಲಿ ಹೊಸ ತಂತಿಗೂ ಮುಂದಿನ ಮಳೆಗಾಲದಲ್ಲಿ ಕಿಲುಬು ಹಿಡಿಯುತ್ತದೆ. ಕೆಲಸ ಆರಂಭಿಸುವ ಮೊದಲು ಬ್ಯಾಟರಿಯ ಋಣ ತುದಿಯನ್ನು ಕಳಚಬೇಕು. ತಂತಿಯ ಒಳಗೆ ತಾಮ್ರ ಕಪ್ಪಾಗಿದ್ದಲ್ಲಿ ಹೊಳೆಯುವ ಭಾಗ ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ತಂತಿಯನ್ನು ಜೋಡಿಸಬೇಕು. ಫ್ಯೂಸ್ ಪದೇ ಪದೇ ಸುಡುತ್ತಿದ್ದಲ್ಲಿ ಹೆಚ್ಚಿನ ಆಂಪಿಯರ್ ಫ್ಯೂಸನ್ನಾಗಲಿ, ತಾಮ್ರದ ಎಳೆಯನ್ನಾಗಲಿ ಹಾಕಬಾರದು. ಹಾಗೆ ಮಾಡಿದಲ್ಲಿ ಫ್ಯೂಸಿನ ಬದಲು ತಂತಿಯೇ ಕಾದು ವಾಹನಕ್ಕೆ ಬೆಂಕಿ ತಗಲುವ ಅಪಾಯವಿರುತ್ತದೆ. ಪೆಟ್ರೋಲ್ ಅಥವಾ ಅನಿಲದ ವಾಸನೆ ಇರುವಾಗ ಯಾವುದೇ ವಿದ್ಯುತ್ ಪರೀಕ್ಷೆ ಮಾಡಬಾರದು.

6. ಅರ್ಜಿದಾರರ ಗಮನಕ್ಕೆ

ವಾಹನವನ್ನು ತಪಾಸಣೆಗೆ ತರುವ ಹಿಂದಿನ ಸಂಜೆ, ಕತ್ತಲಾದ ಮೇಲೆ, ಮತ್ತೊಬ್ಬರ ನೆರವಿನಿಂದ ಎಲ್ಲ ದೀಪಗಳನ್ನು ಒಂದೊಂದಾಗಿಯೂ, ನಂತರ ಒಟ್ಟಾಗಿಯೂ ಹಚ್ಚಿ ನೋಡುವುದು ಸೂಕ್ತ. ಅರ್ಹತಾ ಪತ್ರವನ್ನು ನಿರಾಕರಿಸಿದಲ್ಲಿ ಕಾರಣಗಳನ್ನು ಲಿಖಿತವಾಗಿ ಪಡೆಯಲು ಮಾಲೀಕರು ಪ್ರಕರಣ 56ರಡಿ ಹಕ್ಕುಳ್ಳವರಾಗಿರುತ್ತಾರೆ. ಆ ಪತ್ರದಲ್ಲಿ ನಮೂದಿಸಿದ ದೋಷಗಳನ್ನೇ ಮೊದಲು ಸರಿಪಡಿಸಿದಲ್ಲಿ ಅನಗತ್ಯ ವೆಚ್ಚ ತಪ್ಪುತ್ತದೆ.

ಗುಬ್ಬಿಯಿಂದ ತೆಂಗಿನಕಾಯಿ ಹೊತ್ತು ರಾತ್ರಿ ಹೊರಡುವ ವಾಹನವಿರಲಿ, ಕುಣಿಗಲ್ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಕುಟುಂಬದೊಂದಿಗೆ ಸಾಗುವ ಕಾರಿರಲಿ, ಮುಂದಿನ ವಾಹನ ನಿಲ್ಲುತ್ತಿದೆ ಎಂಬುದು ಹಿಂದಿನವರಿಗೆ ತಿಳಿಯುವುದು ಬ್ರೇಕ್ ದೀಪದಿಂದ. ಅದು ಹೊತ್ತದಿರಲು ಕಿಲುಬು ಹಿಡಿದ ಒಂದು ತಂತಿ ಸಾಕು. ಆದುದರಿಂದ ಅರ್ಜಿಯ ಅವಧಿಗಾಗಿ ಕಾಯದೆ, ಪ್ರತಿ ಮಳೆಗಾಲದ ಮೊದಲು ಮತ್ತು ನಂತರ ಈ ಪರಿಶೀಲನೆಯನ್ನು ಕೈಗೊಳ್ಳುವುದು.