ಕಲ್ಪಿತ ಲೋಕದ ಸಾಮಗ್ರಿ

ವಿಜ್ಞಾನವನ್ನಾಧರಿಸಿದ ಕಥೆಗಳಲ್ಲಿ ಕಾಣುವ ನೂತನ ಲೋಕಗಳು ಶೂನ್ಯದಿಂದ ಹುಟ್ಟುವುವೆಂದು ಅನೇಕರು ಭಾವಿಸುವರು. ಆದರೆ ಅವುಗಳ ಸಾಮಗ್ರಿಯು ಕರ್ತೃವಿನ ಮನೆಯಲ್ಲಿಯೂ ಸಮಾಜದಲ್ಲಿಯೂ ದೊರೆತದ್ದೇ ಆಗಿರುವುದು. ಬಂಗಾಳದ ರೊಕೆಯಾ ಸಖಾವತ್ ಹುಸೇನ್ ಎಂಬ ವಿದುಷಿಯು ಇಂಗ್ಲಿಷಿನಲ್ಲಿ ಬರೆದ ‘ಸುಲ್ತಾನಾಳ ಕನಸು’ ಇದಕ್ಕೆ ನಿದರ್ಶನವಾಗಿದೆ. ಇದು 1905ರಲ್ಲಿ ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಈಕೆಯು ಗೋಷಾ ಪದ್ಧತಿಯಲ್ಲಿ ಬೆಳೆದವರು. ತಮ್ಮ ಕಥೆಯಲ್ಲಿ ಆ ಗೋಡೆಯನ್ನು ಹಾಗೆಯೇ ಉಳಿಸಿ, ಗಂಡಸರನ್ನು ಅದರೊಳಗಿರಿಸಿ, ರಾಜ್ಯಭಾರವನ್ನು ಹೆಂಗಸರಿಗೊಪ್ಪಿಸಿದರು. ದಿನವೂ ಕಂಡ ಹೊಗೆಯ ಅಡಿಗೆಮನೆಗೆ ಪ್ರತಿಯಾಗಿ ಸೂರ್ಯನ ಶಾಖದಿಂದ ಬೇಯಿಸುವ ಅಡಿಗೆಮನೆಯನ್ನು ಕಲ್ಪಿಸಿದರು. ಬಾಲ್ಯವಿವಾಹಕ್ಕೆ ಪ್ರತಿಯಾಗಿ, 21 ವರ್ಷ ತುಂಬುವ ಮೊದಲು ಕನ್ಯೆಯರಿಗೆ ವಿವಾಹವಿಲ್ಲವೆಂಬ ಶಾಸನವನ್ನಿಟ್ಟರು. ಆ ರಾಜ್ಯದ ಸ್ತ್ರೀಯರ ವಿಶ್ವವಿದ್ಯಾಲಯಗಳು ಮೇಘಗಳಿಂದ ನೀರನ್ನು ಸೆಳೆಯುವುವು. ಕೂಡಿಟ್ಟ ಸೂರ್ಯಶಾಖದಿಂದ ಶತ್ರುಸೈನ್ಯವನ್ನು ಹಿಮ್ಮೆಟ್ಟಿಸುವುವು. ಇಷ್ಟಕ್ಕೆಲ್ಲ ಮೂಲವು, ಹೆಣ್ಣುಮಕ್ಕಳೆಲ್ಲರೂ ಓದಬೇಕೆಂದು ರಾಣಿಯು ಹೊರಡಿಸಿದ ಆಜ್ಞೆ.

ಇದೇ ಗ್ರಂಥಕರ್ತ್ರಿಯು 1911ರಲ್ಲಿ ಕಲ್ಕತ್ತೆಯಲ್ಲಿ ಎಂಟು ಮಂದಿ ಬಾಲಕಿಯರಿಂದ ಒಂದು ಶಾಲೆಯನ್ನಾರಂಭಿಸಿದರು. ಕನಸಿನ ರಾಜ್ಯವು ಕಥೆಯಲ್ಲಿಯೇ ಉಳಿಯಿತು. ಅದರ ತಳಹದಿಯಾದ ಶಾಲೆಯು ಊರಿನಲ್ಲಿ ನಿಂತಿತು.

ಆದಕಾರಣ, ಮಗಳು ಇಂಥ ಕಥೆಗಳನ್ನೋದುತ್ತ ಕಾಲವನ್ನು ವ್ಯರ್ಥಗೊಳಿಸುವಳೆಂದು ಚಿಂತಿಸುವ ತಾಯಿತಂದೆಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಆ ಲೋಕದಲ್ಲಿ ನಮ್ಮ ಮನೆಯ ಯಾವ ವಸ್ತು, ಯಾವ ವಾಡಿಕೆ ತಲೆಕೆಳಗಾಗಿದೆಯೆಂದು ಅವಳನ್ನು ಕೇಳಿರಿ. ಅವಳ ಉತ್ತರವನ್ನು ಸಾವಧಾನವಾಗಿ ಆಲಿಸಿರಿ.